ತಳ ನೋಡುವ ಕೆಲಸ

ಎಡಮಗ್ಗುಲಿಗೆ ತಿರುಗಿ, ಮೊಣಕಾಲು ಎದೆಗೆ ಎಳೆದುಕೊಳ್ಳಿ
ಅಂದಳು ಡಾಕ್ಟರ್ ಲ್ಯೂಸಿಂಡಾ.
ಬಾಂಬೋಳಿ ಆಸ್ಪತ್ರೆ. ಎಸಿ ಜೋರು.
ಬೆನ್ನ ಹಿಂದೆ ಕಟ್ಟುವ ನೀಲಿ ಅಂಗಿ,
ಕಟ್ಟಲು ನನ್ನ ಕೈ ಅಷ್ಟು ಹಿಂದೆ ಹೋಗುವುದಿಲ್ಲ,
ಮಾದೇವಿಯನ್ನು ಹೊರಗೇ ಕೂರಿಸಿದ್ದಾರೆ.

ಮೂವತ್ತೊಂದು ವರ್ಷ ನಾನೂ ಇದೇ ಕೆಲಸ ಮಾಡಿದವನು, ಅಂದೆ.
ಅವಳಿಗೆ ಕೇಳಿಸಲಿಲ್ಲ.
ಕೈಗವಸು ಎಳೆದುಕೊಳ್ಳುವ ಸಪ್ಪಳ.

ಮುರ್ಗಾಂವ್ ಬಂದರಿನ ಸರ್ವೆ ಲಾಂಚು.
ಅದರ ಹೊಟ್ಟೆಗೆ ಕೂರಿಸಿದ ಒಂದು ಬಿಲ್ಲೆ
ನೀರಿಗೆ ಟಿಕ್ ಅನ್ನುವುದು,
ಸದ್ದು ತಳ ಮುಟ್ಟಿ ಮರಳುವುದು,
ಕಾಗದದ ಸುರುಳಿಯ ಮೇಲೆ ಸೂಜಿ ಸುಟ್ಟು ಸುಟ್ಟು ಗೆರೆ ಎಳೆಯುವುದು.
ಆ ವಾಸನೆ ಮನೆಗೆ ಬಂದು ಮಿಂದರೂ
ಮೀಸೆಯಲ್ಲೇ ಇರುತ್ತಿತ್ತು.
ಅದಿರಿನ ಹಡಗಿಗೆ ಹದಿನಾಲ್ಕು ಮೀಟರು ಬೇಕು.
ಹದಿಮೂರೂವರೆ ಇದ್ದದ್ದನ್ನು ಹದಿನಾಲ್ಕು ಅಂತ ಬರೆದರೆ
ಹೋಗುವುದು ನನ್ನ ತಲೆ.

ಈಗ ನನ್ನೊಳಗೆ ಹೋಗುತ್ತಿದೆ ಹೆಬ್ಬೆರಳ ಗಾತ್ರದ ಕೋಲು,
ನಿರೋಧು ತೊಟ್ಟು, ತಣ್ಣನೆಯ ಅಂಟು ಬಳಿದುಕೊಂಡು.
ಹೇಳಬಾರದೇನೋ. ಆದರೂ
ಅರವತ್ತೇಳು ವರ್ಷ ಯಾರೂ ತಟ್ಟದ ಬಾಗಿಲು ಅದು.
ಭಿಯೇನಾಕಾ, ಅಂದಳು.
ಹೆದರಬೇಡಿ ಅನ್ನುವುದನ್ನು ಕೊಂಕಣಿಯಲ್ಲಿ ಹೇಳಿದರೆ
ಹೆದರಿಕೆ ಹೋಗುವುದಿಲ್ಲ, ಒಬ್ಬಂಟಿತನ ಹೋಗುತ್ತದೆ.

ಪರದೆಯನ್ನು ನನ್ನ ಕಡೆ ತಿರುಗಿಸಿದಳು.
ಬೂದಿಯೊಳಗೆ ಬೂದಿ.
ಜೂನ್ ತಿಂಗಳ ಜುವಾರಿಯ ಬಾಯಿ ಹೀಗೇ ಇರುತ್ತದೆ.
ಮುರುಗಲ ಹಣ್ಣಿನಷ್ಟಿರಬೇಕಾದದ್ದು
ಮೂಸಂಬಿಯಾಗಿದೆಯಂತೆ. ವಯಸ್ಸಾದವರಿಗೆ ಬೆಳೆಯುತ್ತದಂತೆ.
ಹೂಳು, ಅಂದುಕೊಂಡೆ. ಹೂಳು ನನಗೆ ಗೊತ್ತು.
ಎರಡು ಪುಟ್ಟ ಕೂಡು ಚಿಹ್ನೆ, ನಡುವೆ ಚುಕ್ಕಿಗಳ ಗೆರೆ:
ಅಗಲ ಅಳೆದಳು, ಎತ್ತರ ಅಳೆದಳು, ಉದ್ದ ಅಳೆಯುತ್ತ
ನಿಂತಳು.

ಹಿಂಬದಿಯ ಅಂಚಿನಲ್ಲಿ, ಎಡಕ್ಕೆ, ಒಂದು ಕಪ್ಪು.

ನಕಾಶೆಯಲ್ಲಿ ಇಲ್ಲದ್ದು ಕಂಡಾಗ
ನಾನೂ ಹೀಗೇ ಮಾತು ನಿಲ್ಲಿಸುತ್ತಿದ್ದೆ.
ಅದೇ ಸಾಲಿನಲ್ಲಿ ಇನ್ನೊಮ್ಮೆ, ಮೆಲ್ಲಗೆ, ಲಾಂಚು ಓಡಿಸುತ್ತಿದ್ದೆ.
ಅವಳೂ ಓಡಿಸಿದಳು.

ಕಲ್ಲೇ? ಕೇಳಿದೆ.
ಏನು?
ಕೆಟ್ಟದ್ದೇ?
ಸದ್ದು ಅಷ್ಟು ಹೇಳುವುದಿಲ್ಲ ಕಾಕಾ, ಅಂದಳು.
ಕೆಟ್ಟದ್ದು ಕೆಲವು ಸಲ ಕಾಣುವುದೇ ಇಲ್ಲ,
ಕಂಡದ್ದೆಲ್ಲ ಕೆಟ್ಟದ್ದೂ ಅಲ್ಲ. ಚೂರು ತೆಗೆದು ನೋಡಬೇಕು.

ಇದನ್ನೇ ಅಲ್ಲವೇ ನಾನು ಬಂದರಿನ ಸಾಹೇಬರಿಗೆಲ್ಲ
ಬಾಯಿ ಒಣಗುವಷ್ಟು ಹೇಳಿದ್ದು:
ಮರುದನಿ ಆಳ ಹೇಳುತ್ತದೆ, ಗುಣ ಹೇಳುವುದಿಲ್ಲ.
ಕೆಸರೋ ಕಲ್ಲೋ ತಿಳಿಯಬೇಕಾದರೆ
ಕಬ್ಬಿಣದ ಬಾಯಿ ಇಳಿಸಿ ಒಂದು ಹಿಡಿ ಮೇಲೆತ್ತಬೇಕು.

ಠಕ್.
ಸ್ಪ್ರಿಂಗು ಬಿಟ್ಟ ಸದ್ದು, ಆಮೇಲೆ ನೋವು.
ಹನ್ನೆರಡು ಸಲ. ಎಣಿಸಿದೆ.
ಒಂಬತ್ತನೆಯದು ಆ ಕಪ್ಪಿನಿಂದ ಬಂತೆಂದು
ಅವಳು ಹಿಡಿದ ಉಸಿರಿನಿಂದ ಗೊತ್ತಾಯಿತು.
ಶ್ಯಾವಿಗೆಯ ತುಂಡಿನಂಥ ಬಿಳಿ ಎಳೆಗಳು,
ಪುಟ್ಟ ಸೀಸೆಗಳು, ಚೀಟಿಗಳು:
ಹರಿಕಂತ್ರ ವೆಂಕಟು. ಎಡ. ನಡು.
ಹತ್ತು ದಿನ ಬಿಟ್ಟು ಬನ್ನಿ.

ಒಮ್ಮೆ ಅಲೆತಡೆಯ ಆಚೆ ದಿಬ್ಬ ಕಂಡಿತ್ತು.
ಮುಳುಗಾಳು ಇಳಿದ. ಸಿಕ್ಕಿದ್ದು
ಹಳೆ ಬಲೆ, ಬಲೆಯ ತುಂಬ ಚಿಪ್ಪು.
ಇನ್ನೊಮ್ಮೆ, ಏನೂ ಇಲ್ಲ ಅಂತ ನಾನೇ ಸಹಿ ಹಾಕಿದ ಜಾಗದಲ್ಲಿ
ಬಾರ್ಜು ತಳ ಹರಿದುಕೊಂಡಿತು.
ಮಾದೇವಿಗೆ ಎರಡೂ ಹೇಳಿದ್ದೇನೆ.
ಅವಳಿಗೆ ನೆನಪಿರುವುದು ಬಲೆ ಮಾತ್ರ.

ವಾಸ್ಕೋ ಬಸ್ಸಿನಲ್ಲಿ ಸೀಟು ಖಾಲಿ ಇತ್ತು.
ನನಗೆ ಕೂರಲಾಗದು. ಅವಳೂ ಕೂರಲಿಲ್ಲ,
ಅದೇ ಸರಳು ಹಿಡಿದು ನಿಂತಳು.
ಏನಂದ್ರು, ಅಂತ ಕೇಳಲಿಲ್ಲ.
ಜುವಾರಿ ಸೇತುವೆ ಬಂತು.
ಕೆಳಗೆ ಇಳಿತದ ನೀರು, ಮಣ್ಣು ಬಣ್ಣ, ತಳ ಕಾಣದು.
ಆರು ಮೀಟರು ಇರಬಹುದು, ಅಂದೆ.
ಎಲ್ಲಿ? ಅಂದಳು.