ಹೃದಯ, ನಲವತ್ತು ನಿಮಿಷ

ಪಾಠಯೋಜನೆಯ ಪುಸ್ತಕದಲ್ಲಿ ನಾಲ್ಕು ಅಂಕಣ,
ನಡುವೆ ಗೋಡೆ. ಒಂದರದು ಇನ್ನೊಂದಕ್ಕೆ ಬೆರೆಯಬಾರದು.
ಭಾನುವಾರ ರಾತ್ರಿ, ಹಿತುಕಿದ ಅವರೆಯ ಸಿಪ್ಪೆ
ಇನ್ನೂ ಉಗುರಿನ ಸಂದಿಯಲ್ಲಿರುವಾಗಲೇ
ಕೂತು ಬರೆಯುತ್ತೇನೆ:
ಪೀಠಿಕೆ, ಐದು ನಿಮಿಷ.
ರಕ್ತದ ದಾರಿ, ಹದಿನೈದು.
ಚಿತ್ರ ಬರೆದು ಭಾಗ ಗುರುತಿಸುವುದು, ಹದಿನೈದು.
ಮೌಲ್ಯಮಾಪನ, ಐದು.

ಹೋದ ವರ್ಷವೂ ಇದನ್ನೇ ಬರೆದಿದ್ದೆ.
ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೂವತ್ತೊಂದು ಹೃದಯ ಬಂದವು.
ಒಂದು ಬದನೆಕಾಯಿ, ಒಂದು ಸೀಬೆಹಣ್ಣು,
ಒಂದಕ್ಕೆ ಬಾಣ ಚುಚ್ಚಿತ್ತು,
ಬಾಣದ ತುದಿಗೆ ಮಹಾಪಧಮನಿ ಎಂದು ಹೆಸರು.
ಅರ್ಧ ಅಂಕ ಕೊಟ್ಟೆ.

ಕರ್ಣ ಕುಕ್ಷಿ ಅದಲುಬದಲಾಗಿದ್ದವು.
ಕರ್ಣ ಅಂದ್ರೆ ಕಿವಿ ಕಣ್ರೋ, ಕುಕ್ಷಿ ಅಂದ್ರೆ ಹೊಟ್ಟೆ,
ಯಾವುದು ಮೇಲಿರತ್ತೆ ನೀವೇ ಹೇಳಿ, ಅಂದೆ.
ಮೇಲು ಕೆಳಗು ಅಲ್ಲಿಗೆ ಸರಿಹೋಯಿತು.
ಎಡ ಬಲ ಮಾತ್ರ ಬಗೆಹರಿಯಲಿಲ್ಲ.
'ಎಡಗಡೆ ಇರೋದಕ್ಕೆ ಬಲ ಹೃತ್ಕರ್ಣ ಅಂತ ಹಾಕಿದಾರೆ,
ಅಚ್ಚಿನ ತಪ್ಪಾ ಮಿಸ್?' ಈ ಸಲದ ಭಾರ್ಗವಿ ಕೇಳಿದಳು.
ಹಾಗೇ ಕಲಿತುಕೋ, ಅಂದೆ.
ನನಗೂ ಹಾಗೇ ಅಂದಿದ್ದರು.

ಅದೇ ರಾತ್ರಿಯೆಲ್ಲ ಕೊರೆಯಿತು.
ಅಂಕಣಗಳ ಮೇಲೆ ಅಡ್ಡಗೆರೆ ಎಳೆದು ಬರೆದೆ:
ಸುಣ್ಣದ ಪುಡಿ, ಎರಡು ಸೇರು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದಿನ ಶಾಲೆ ನಮ್ಮದು.
ಗಾಳಿ ತಿರುಗಿದರೆ ಬೇಯುವ ಹುಳದ ವಾಸನೆ
ಕಿಟಕಿಯಲ್ಲಿ ಬಂದು ಕೂರುತ್ತದೆ.
ಮಕ್ಕಳಿಗೆ ಅದು ವಾಸನೆಯೇ ಅಲ್ಲ.
ತೌಸೀಫ್ ಒಂದು ಚೀಲ ತೂತುಗೂಡು ತಂದ,
ಚಿಟ್ಟೆ ಕೊರೆದು ಹೋದದ್ದು, ನೂಲು ಬರುವುದಿಲ್ಲ,
'ಇದಕ್ಕೆ ಕಾಸು ಹುಟ್ಟಲ್ಲ ಮಿಸ್, ಪಾಠಕ್ಕಾದ್ರೂ ಆಗ್ಲಿ.'
ಅರ್ಧಕ್ಕೆ ಕುಂಕುಮ, ಅರ್ಧಕ್ಕೆ ಬಟ್ಟೆಗೆ ಹಾಕುವ ನೀಲಿ.

ಮೈದಾನದಲ್ಲಿ ಸುಣ್ಣದ ಹೃದಯ,
ತರಗತಿ ಕೋಣೆಯಷ್ಟು ದೊಡ್ಡದು.
ಎರಡು ಹೊಂಗೆ ಮರ ಶ್ವಾಸಕೋಶ, ಸೈಕಲ್ ಸ್ಟ್ಯಾಂಡು ದೇಹ.
ಕವಾಟಕ್ಕೆ ಇಬ್ಬಿಬ್ಬರು ಹುಡುಗಿಯರು, ತೋಳೇ ಕದ:
ಹೋಗಬಹುದು, ವಾಪಸು ಬರುವಂತಿಲ್ಲ.
ಉಳಿದವರೆಲ್ಲ ರಕ್ತ.
ನೀಲಿ ಗೂಡು ಹಿಡಿದು ಬಂದು,
ಮರದ ಕೆಳಗೆ ಕೊಟ್ಟು ಕೆಂಪು ಇಸಕೊಂಡು,
ನೂಕಾಟ, ನಗು, ಒಬ್ಬನ ಚಪ್ಪಲಿ ಹೃತ್ಕುಕ್ಷಿಯಲ್ಲೇ ಉಳಿಯಿತು.
ವರಾಂಡದಿಂದ ವೆಂಕಟರವಣಪ್ಪ ಸರ್:
'ಏನಮ್ಮಾ ಇದು, ಖೋ ಖೋ ಅಂಕಣಾನಾ?'

ಭಾರ್ಗವಿ ಕವಾಟದಲ್ಲಿ ನಿಂತೇ ಕೇಳಿದಳು,
'ಈಗ ನಾನು ಎಡಾನಾ, ಬಲಾನಾ?'
ರಕ್ತವೆಲ್ಲ ನಿಂತುಬಿಟ್ಟಿತು.
ನಾನೂ.

ಆಗ ತೌಸೀಫ್,
ಬೆಳಗಿನ ಜಾವ ಮೂರರಿಂದ ಅಪ್ಪನ ಜೊತೆ ಚರಕ ತಿರುಗಿಸಿ ಬಂದವನು,
ವರ್ಷವೆಲ್ಲ ಹಿಂದಿನ ಬೆಂಚಿನಲ್ಲಿ ತೂಗಿದವನು,
'ಈ ಹೃದಯ ಯಾರದ್ದೋ ಅವರು ಮಲಗಲಿ ಮಿಸ್, ಗೊತ್ತಾಗತ್ತೆ'
ಅಂದು, ತಾನೇ ಅಂಗಾತ ಮಲಗಿದ, ಆಕಾಶಕ್ಕೆ ಮುಖ ಮಾಡಿ,
ಕೈ ಅಗಲಿಸಿ.
ಎಡಗೈ ಹೋಗಿ ಎಡದ ಮೇಲೆ ಬಿತ್ತು.
ಬಲಗೈ ಬಲದ ಮೇಲೆ.

ಹನ್ನೊಂದು ವರ್ಷ ಹಲಗೆಯ ಮೇಲೆ ಬರೆದ ಚಿತ್ರದಲ್ಲಿ
ಒಬ್ಬರು ನನ್ನ ಎದುರಿಗೆ ನಿಂತಿದ್ದರು,
ನನ್ನನ್ನೇ ನೋಡುತ್ತ.
ನಾನು ಭಾಗ ಗುರುತಿಸುತ್ತಿದ್ದೆ.

ಏಳೋ ಸಾಕು, ಅಂದೆ. ಏಳಲಿಲ್ಲ.
ನಿದ್ದೆ ಹೋಗಿದ್ದ.
ಬಾಯಿ ತೆರೆದಿತ್ತು, ಬೆರಳ ತುದಿ
ಬಿಸಿನೀರಿಗೆ ಬೆಳ್ಳಗೆ ಸುಕ್ಕಾಗಿತ್ತು.
ನಾನು ಏನೂ ಹೇಳಲಿಲ್ಲ.
ರಕ್ತ ತಾನಾಗಿ ತುದಿಗಾಲಲ್ಲಿ ಹೊರಟಿತು,
ಅವನನ್ನು ಬಳಸಿಕೊಂಡು,
ಕರ್ಣದಿಂದ ಕುಕ್ಷಿಗೆ, ಮರದಿಂದ ಕರ್ಣಕ್ಕೆ,
ಒಬ್ಬರೂ ದಾರಿ ತಪ್ಪಲಿಲ್ಲ,
ಗಂಟೆ ಹೊಡೆಯುವವರೆಗೂ.

ಬೆನ್ನ ಮೇಲೆ ಸುಣ್ಣದ ಗೆರೆ ಹೊತ್ತುಕೊಂಡೇ
ಗಣಿತಕ್ಕೆ ಹೋದ.

ಮೌಲ್ಯಮಾಪನದ ಅಂಕಣ ಖಾಲಿ ಇದೆ, ಸರ್ ಸಹಿ ಹಾಕಿಲ್ಲ.
ನಾಳೆ ಮೂತ್ರಪಿಂಡ.
ಬಿಸಿಯೂಟದ ಮುನಿಲಕ್ಷ್ಮಮ್ಮನ ಹತ್ತಿರ
ಜರಡಿ ಕೇಳಬೇಕು,
ಎರಡು.