ಯಾರ ಮೇಲೂ ಅನುಮಾನವಿಲ್ಲ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಹರಾಜು ಮುಗಿದಿದೆ.
ಖಾಲಿ ಜಾಲರಿಗಳ ಪಕ್ಕ ನಮ್ಮ ಮೇಜು, ಹತ್ತಿ, ಸ್ಪಿರಿಟ್ಟು,
ಹೆಸರು ಬರೆಯುವ ಉದ್ದ ಪುಸ್ತಕ.
ಹುಳದ ಹಸಿ ವಾಸನೆ ಸ್ಪಿರಿಟ್ಟಿಗೂ ಬಗ್ಗುವುದಿಲ್ಲ.

ರೀಲರ್ ಗೌಸ್ ಪೀರ್ ಒಂದು ಗೂಡನ್ನು ಕಿವಿಗೆ ಹಿಡಿದು
ಅಲುಗಿಸಿ ತೋರಿಸುತ್ತಾರೆ:
'ಗುಡುಗುಡು ಅಂದರೆ ಹುಳ ಗಟ್ಟಿ.
ಸದ್ದಿಲ್ಲ ಅಂದರೆ ಒಳಗೇ ಕರಗಿದೆ, ನೂಲು ಬರೋಲ್ಲ.
ಬಿಚ್ಚೋದೇ ಬೇಡ. ನೀವು ಯಾಕಮ್ಮ ಚುಚ್ತೀರಿ?'
ಪೀರ್ ಸಾಬರೇ, ನಿಮ್ಮನ್ನು ಎತ್ತಿ ಅಲುಗಿಸಲು ನನಗೆ ಬಲವಿಲ್ಲ.
ಸಾಲು ನಗುತ್ತದೆ. ಅವರೂ ಬೆರಳು ಕೊಡುತ್ತಾರೆ.

'ಯಾರ ಮೇಲೆ ಅನುಮಾನ?' ಹಿಂದಿನಿಂದ ಒಬ್ಬ.
ಯಾರ ಮೇಲೂ ಇಲ್ಲ. ಅದಕ್ಕೇ ಎಲ್ಲರದೂ.
ಲಿವರಿನಲ್ಲಿ ಇಪ್ಪತ್ತು ವರ್ಷ ಕೂತು
ಒಂದು ಸಲವೂ ಕೆಮ್ಮದ ಬಾಡಿಗೆದಾರ ಅದು.
ನೋವಾದಾಗ ಬರುತ್ತೇವೆ ಅನ್ನುವವರು ಬರುವುದು
ಹೊಟ್ಟೆಯಲ್ಲಿ ನೀರು ತುಂಬಿಸಿಕೊಂಡು.

ಆಂಜಿನಮ್ಮನ ಬೆರಳಲ್ಲಿ ರಕ್ತ ಬರಲಿಲ್ಲ.
ಮೂವತ್ತು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಕೈ;
ತುದಿಗಳು ಬಿಳಿಚಿ, ಹಿತಕಲು ನೆನೆಹಾಕಿದ ಅವರೆಯಂತೆ.
ಉಂಗುರಬೆರಳು, ಆಮೇಲೆ ಎಡಗೈ, ಕೊನೆಗೆ
ಅವಳೇ ಮೊಣಕೈಯಿಂದ ನೀವಿ ನೀವಿ ಇಳಿಸಿದಳು
ಒಂದು ಹನಿ.

ಹದಿನೈದು ನಿಮಿಷ.
ಒಂದೇ ಗೆರೆ ಮೂಡಿದರೆ ಮನೆಗೆ ಹೋಗಬಹುದು.
ಎರಡು ಮೂಡಿದವು.

ಪರದೆಯ ಹಿಂದೆ, ಕಲಿಸಿಕೊಟ್ಟ ಮಾತು ಹೇಳಿದೆ:
ಇದು ಸುಳಿವು ಮಾತ್ರ. ಇನ್ನೊಂದು ಪರೀಕ್ಷೆ ಇದೆ.
ಇದ್ದರೂ ಮೂರು ತಿಂಗಳ ಮಾತ್ರೆ, ದುಡ್ಡು ಕೊಡಬೇಕಿಲ್ಲ.
ಒಂದೇ ತಟ್ಟೆಯಲ್ಲಿ ಉಂಡರೆ ಅಂಟೋಲ್ಲ,
ಮೊಮ್ಮಗುವನ್ನ ಮುದ್ದಿಸಿದರೆ ಅಂಟೋಲ್ಲ.
ಹಿಂದೆ ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದಿರಾ?

ಅವಳ ಮುಖ ಬೆಳಗಿತು. ನಾನು ಅದಕ್ಕೆ ಸಿದ್ಧಳಿರಲಿಲ್ಲ.
'ನಮ್ಮ ಮಂಜ ಅಡ್ಡಡ್ಡ ಬಂದಾಗ. ಕೋಲಾರದಾಗೆ. ಎರಡು ಬಾಟ್ಲು.
ಯಾರೋ ಪುಣ್ಯಾತ್ಮ, ನಾನು ಮುಖಾನೂ ನೋಡಿಲ್ಲ,
ಸೈಕಲ್ಲು ನಿಲ್ಲಿಸಿ ಒಳಗೆ ಬಂದು ಕೊಟ್ಟನಂತೆ.
ದೀಪ ಹಚ್ಚುವಾಗ ಇವತ್ತಿಗೂ ಅವನದ್ದೊಂದು ಬತ್ತಿ.'

ಆಗ ಇದನ್ನು ಹುಡುಕುವ ಪರೀಕ್ಷೆ ಇಲ್ಲಿಗೆ ಬಂದಿರಲಿಲ್ಲ ಎಂದೆ.
ಅದರಿಂದಲೇ ಅನ್ನಲಾಗದು; ಕುದಿಸದ ಸೂಜಿ, ಹಚ್ಚೆ...
ಅವಳು ಕೇಳುತ್ತಿರಲಿಲ್ಲ.
ಹತ್ತಿಯನ್ನು ಬೆರಳಿಗೆ ಒತ್ತಿ ಹಿಡಿದು
ಏನೋ ಲೆಕ್ಕ ಹಾಕುತ್ತಿದ್ದಳು.

'ಹಂಗಾದ್ರೆ ಅವನಿಗೂ ಇತ್ತಲ್ಲಮ್ಮ.
ಅವನಿಗೆ ಯಾರಾನ ಹೇಳಿದ್ರಾ?'

ಪರದೆ ಸರಿಸಿದೆ. ಸಾಲು ಗೇಟು ದಾಟಿ ರಸ್ತೆಗೆ ಇಳಿದಿತ್ತು.
ತೋಳು ಮಡಚಿ ನಿಂತ ಗಂಡಸರು, ಸೈಕಲ್ಲಿದ್ದವರು, ಇಲ್ಲದವರು.
ಒಬ್ಬೊಬ್ಬರ ವಯಸ್ಸನ್ನೂ
ಎರಡೆರಡು ಸಲ ಕೇಳಿ ಬರೆದೆ.