ಕಟ್ಟೆಯ ಎತ್ತರ

ಕೈಗಾದ ಮೂರನೆಯ ಟ್ರಿಪ್ಪು ಮುಗಿಸಿ
ಡಿಪೋದಲ್ಲಿ ಕ್ಯಾಶು ಕಟ್ಟಿ
ರದ್ದಾದ ವೇಬಿಲ್ಲಿನ ಬೆನ್ನಿಗೆ
ಕೋಡಿಬಾಗದ ನಮ್ಮ ಅಡುಗೆಮನೆ ಬರೆಯುತ್ತೇನೆ:
ಆರು ಅಡಿ, ಒಂಬತ್ತು ಅಡಿ, ಪಡುವಣಕ್ಕೊಂದು ಕಿಟಕಿ.
ಅದರ ಸರಳುಗಳನ್ನು ಉಪ್ಪುಗಾಳಿ ತಿಂದು
ಮುಟ್ಟಿದರೆ ಪದರು ಪದರಾಗಿ ಉದುರುತ್ತವೆ
ಖಾರಾ ಬಿಸ್ಕೀಟಿನ ಹಾಗೆ.

ಕೈಯಲ್ಲಿರುವುದು:
ಅರಿಯರ್ಸು ತೊಂಬತ್ತು ಸಾವಿರ,
ಚೀಟಿ ಎತ್ತಿದ್ದು ನಲವತ್ತು,
ಉಲ್ಲಾಸನ ಐಸ್ ಪ್ಲಾಂಟಿನ ಬೋನಸ್ಸು ಇಪ್ಪತ್ತು.
ಒಂದೂವರೆ ಲಕ್ಷ. ಮೇಲೊಂದು ರೂಪಾಯಿಯೂ ಇಲ್ಲ
ಎಂದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.
ಕಪಾಟಿನಲ್ಲಿ, ಸೀರೆಯ ಮಡಿಕೆಯಲ್ಲಿರುವ ಆರು ಸಾವಿರ
ಈ ಲೆಕ್ಕಕ್ಕೆ ಸೇರಿದ್ದಲ್ಲ.
ಅದು ಉಲ್ಲಾಸನಿಗೆ ಗೊತ್ತಿಲ್ಲ. ಗೊತ್ತಿದ್ದರೂ ಗೊತ್ತಿಲ್ಲ.

ಮಡಗಾಂವ್‌ನ ಅಂಗಡಿಯವರದು ಹನ್ನೆರಡು ಪುಟ, ಕಲರ್ ಪ್ರಿಂಟು.
ಅದರಲ್ಲಿ ನಮ್ಮ ಅಡುಗೆಮನೆ ನಮ್ಮದಲ್ಲದಷ್ಟು ಚೆಂದ:
ಕಟ್ಟೆಯ ಮೇಲೆ ಹಸಿರು ಸೇಬು,
ಬಂಗಡೆಯ ವಾಸನೆ ಕಂಡರಿಯದ ಬಿಳಿ ಬಿಳಿ ಬಾಗಿಲು.
ಎರಡು ಲಕ್ಷ ಮೂವತ್ತೆಂಟು ಸಾವಿರ.
ಕೊನೆಯ ಪುಟದ ಅಡಿಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ,
ಜಿಎಸ್‌ಟಿ ಬೇರೆ, ನಲ್ಲಿ ಕೆಲಸ ಬೇರೆ, ಹಳೆಯದನ್ನು ಒಡೆಯುವುದು ಬೇರೆ.

ಸದಾಶಿವಗಡದ ವಿಠೋಬಾ ಗುನಗಿಯದು
ಮದುವೆ ಕಾಗದದ ಬೆನ್ನಿಗೆ ನಾಲ್ಕೇ ಸಾಲು:
ಒಂದು ಲಕ್ಷ ಹನ್ನೆರಡು ಸಾವಿರ.
ಖುಷಿಯಲ್ಲಿ ಅರ್ಧ ಲೋಟ ಚಾ ಹೆಚ್ಚು ಕುಡಿದೆ.
ಆಮೇಲೆ ಕಂಡಿತು: ಸಿಮೆಂಟು, ರೇತಿ, ಟೈಲ್ಸು ಮನೆಯವರದ್ದು.
ಬಸ್ಸು ಹತ್ತಲಿಕ್ಕೆ ಒಂದು ದರ, ಕೂರಲಿಕ್ಕೆ ಇನ್ನೊಂದು.

ಇಬ್ಬರೂ ಕೇಳಿದ್ದು ಒಂದೇ ಮಾತು: ಬಜೆಟ್ ಎಷ್ಟು?

ಸುಂಕೇರಿಯ ಕೈತಾನ ಮೇಸ್ತ್ರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು
ಕಡಪಾ ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ
ಕಲಂಗಡಿ ಕೊಳ್ಳುವವರ ಹಾಗೆ ಕಿವಿಗೊಟ್ಟು
ಕೇಳಿದರು: "ಈ ಮನೆಯಲ್ಲಿ ಅಡುಗೆ ಯಾರದ್ದು?"

ನಾನು ಉಲ್ಲಾಸನನ್ನು ನೋಡಿದೆ. ಉಲ್ಲಾಸ ನನ್ನನ್ನು.
ರಾತ್ರಿ ಪಾಳಿ ಅವನದು, ಬೆಳಗಿನ ಡ್ಯೂಟಿ ನನ್ನದು.
ಮೀನು, ಅನ್ನ, ಹೆಚ್ಚುವುದು, ಅರೆಯುವುದು ಅವನು;
ಹಾಲು, ಚಾ, ರೊಟ್ಟಿ ನಾನು.
ಹದಿನಾಲ್ಕು ವರ್ಷ ನೆರೆಮನೆಗೆ ಹೇಳದ್ದನ್ನು
ಮೇಸ್ತ್ರಿಗೆ ಹೇಳಿದೆವು, ಡಾಕ್ಟರಿಗೆ ಹೇಳಿದ ಹಾಗೆ.

ಇಬ್ಬರನ್ನೂ ಗೋಡೆಗೆ ನಿಲ್ಲಿಸಿ
ಮೊಣಕೈ ಮಡಚಿ ಅಂದರು. ಪೆನ್ಸಿಲ್ಲಿನಲ್ಲಿ ಎರಡು ಗುರುತು.
ನಡುವೆ ಏಳು ಇಂಚು.

ಅವನು ಬಗ್ಗಿ ಬಗ್ಗಿ ಈರುಳ್ಳಿ ಹೆಚ್ಚಿದ್ದು,
ನಾನು ಮಣೆ ಹತ್ತಿ ಹಾಲು ಉಕ್ಕೀತೇ ಎಂದು ಇಣುಕಿದ್ದು,
ಎಲ್ಲ ಆ ಏಳು ಇಂಚಿನೊಳಗೆ.
ಅವನ ಸೊಂಟಕ್ಕೆ ತಿಕ್ಕಿದ ಎಣ್ಣೆಯನ್ನು
ನಾನು ಯಾವ ಖಾತೆಗೂ ಬರೆದಿರಲಿಲ್ಲ.

ಕಟ್ಟೆ ಎರಡು ಮಟ್ಟ: ಹೆಚ್ಚುವ ಕಡೆ ಎತ್ತರ, ಒಲೆಯ ಕಡೆ ತಗ್ಗು.
ಒಂದು ಲಕ್ಷ ಅರವತ್ತನಾಲ್ಕು ಸಾವಿರದ ಐನೂರು,
ಒಡೆದ ಕಲ್ಲುಮಣ್ಣು ಸಾಗಿಸುವ ಟೆಂಪೋ ಸಮೇತ.

ಹದಿನಾಲ್ಕೂವರೆ ಸಾವಿರ ಎರಡು ಗೆರೆ ದಾಟಿತು.
ಚಿಮಣಿ ಹೊಡೆದುಹಾಕಿದೆ: ಹನ್ನೊಂದು ಸಾವಿರದ ಇನ್ನೂರು.
ಕಿಟಕಿ ಇದೆಯಲ್ಲ, ಸಮುದ್ರದ ಗಾಳಿ ಬಿಟ್ಟಿ.
ಅದು ಹೊರಗಿಂದ ಒಳಗೆ ಬೀಸುವುದು ಎಂದ ಉಲ್ಲಾಸ.
ಬರೆದುಕೊಳ್ಳಲಿಲ್ಲ.
ಟೈಲ್ಸು ನಾಲ್ಕು ಅಡಿಯಿಂದ ಮೂರಕ್ಕೆ: ಎರಡು ಸಾವಿರದ ನಾನ್ನೂರು.
ಉಳಿದ ಒಂಬೈನೂರರಲ್ಲಿ ಮೇಸ್ತ್ರಿ ನಾನ್ನೂರು ಬಿಟ್ಟರು.
ಐನೂರು.
ಸೀರೆಯ ಮಡಿಕೆ ನೆನಪಾಯಿತು. ಮರೆತೆ.

ಚೀಲದಿಂದ ಒಂದು ಹಳೆಯ ಟಿಕೆಟ್ಟು ತೆಗೆದು
ಹಿಂದೆ ೫೦೦ ಬರೆದು, ಸುತ್ತ ಗೆರೆ ಸುತ್ತಿ ಕೊಟ್ಟೆ:
"ಚಿಲ್ಲರೆ ಇಲ್ಲ. ಇಳಿಯುವಾಗ ಇಸ್ಕೊಳ್ಳಿ."
ಮೇಸ್ತ್ರಿ ಓದಿದರು, ನಗಲಿಲ್ಲ,
ಎರಡು ಮಡಿಕೆ ಮಾಡಿ ಕಿಸೆಯಲ್ಲಿಟ್ಟರು.

ಸೋಮವಾರದಿಂದ ಕೆಲಸ ಎಂದಿದ್ದರು.
ಭಾನುವಾರ ರಾತ್ರಿಯೇ ಒಲೆ, ಡಬ್ಬಿ, ಸಿಲಿಂಡರು
ಹೊರಕೋಣೆಗೆ ಸಾಗಿಸಿ, ಮಂಚದ ಪಕ್ಕ ಒಗ್ಗರಣೆ ಹಾಕಿದೆವು.
ಗುರುವಾರ ಬಂದರು.